ಚಿಕಾಗೋನಾ, ಷಾರ್ಲೆಟ್ಟಾ, ಟ್ಯಾಂಪಾನಾ? ಊರೂರಿನ ಮಕ್ಕಳ ಓದಿನ ಅಂಕ ಹೋಲಿಸುವ ಬಗೆ

ಕಳೆದ ತಿಂಗಳು ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದ್ದ. ಅವನ ಕಂಪನಿ ಅವನನ್ನು ಅಮೆರಿಕಕ್ಕೆ ಕಳಿಸುತ್ತಿದೆ. ಮೂರು ಊರಲ್ಲಿ ಆಫೀಸಿದೆ, ಯಾವುದು ಬೇಕೋ ಹೇಳಿ ಅಂದಿದ್ದಾರಂತೆ. ಚಿಕಾಗೋ, ಷಾರ್ಲೆಟ್, ಟ್ಯಾಂಪಾ. ಮಗಳಿಗೆ ಏಳು ವರ್ಷ.

"ಅಕ್ಕ, ನಾನು ಆಗಲೇ ಎಕ್ಸೆಲ್ ಮಾಡಿಟ್ಟಿದೀನಿ. ಕೊರೋನಾಗಿಂತ ಮುಂಚಿನ ಅಂಕ ತಗೊಂಡೆ. ನಾಲ್ಕನೇ ಕ್ಲಾಸಿನ ಓದಿನಲ್ಲಿ ಷಾರ್ಲೆಟ್, ಟ್ಯಾಂಪಾ ಎರಡೂ 225ರ ಹತ್ತಿರ ಇವೆ. ಚಿಕಾಗೋ 208. ಚಿಕಾಗೋ ಬಿಟ್ಟುಬಿಡ್ಲಾ?"

ಅವನು ನೋಡಿದ್ದು ನೇಪ್ ಅನ್ನುವ ದೇಶದ ಪರೀಕ್ಷೆಯ ಅಂಕ, 500ರ ಅಳತೆಯಲ್ಲಿ. ಅದರಲ್ಲಿ ತಪ್ಪಿರಲಿಲ್ಲ. 2019ರಲ್ಲಿ ಲೆಕ್ಕ ಹೆಚ್ಚುಕಮ್ಮಿ ಹಾಗೇ ಇತ್ತು. ಆದರೆ ಆ ಅಂಕಗಳನ್ನು ಒಂದರ ಕೆಳಗೆ ಒಂದು ಬರೆದು ಮೇಲಿರುವುದನ್ನು ಆರಿಸಿಕೊಂಡರೆ, ನಾವು ಶಾಲೆಯನ್ನು ಆರಿಸಿದಂತಾಗುವುದಿಲ್ಲ. ಆ ಊರಿನ ಮನೆಗಳ ಸಂಬಳವನ್ನು ಆರಿಸಿದಂತಾಗುತ್ತದೆ. ಇದನ್ನು ಅವನಿಗೆ ಬಿಡಿಸಿ ಹೇಳೋಕೆ ಎರಡು ಸಂಜೆ ಬೇಕಾಯಿತು. ನಾನಿರುವ ಅಮೆರಿಕಕ್ಕೆ ಬರುವ ಕನ್ನಡದ ಮನೆಗಳಲ್ಲಿ ಹೆಚ್ಚೂಕಮ್ಮಿ ಎಲ್ಲರದ್ದೂ ಇದೇ ಪ್ರಶ್ನೆ. ಅದಕ್ಕೇ ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆ ಅಲ್ಲ

ನಮ್ಮಲ್ಲಿ ಶಾಲೆ ಅಂದರೆ ಬಿಇಓ, ಡಿಡಿಪಿಐ, ಮೇಲೆ ಸರ್ಕಾರ. ಪಠ್ಯಪುಸ್ತಕ ಬೀದರಿನಲ್ಲೂ ಒಂದೇ, ಚಾಮರಾಜನಗರದಲ್ಲೂ ಒಂದೇ. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಬೇರೆ ಥರದ್ದು. ಅದಕ್ಕೆ ತನ್ನದೇ ಆಡಳಿತ ಮಂಡಳಿ ಇರುತ್ತದೆ, ತನ್ನದೇ ಬಜೆಟ್ಟು ಇರುತ್ತದೆ. ದುಡ್ಡಿನಲ್ಲಿ ದೊಡ್ಡ ಪಾಲು ಅಲ್ಲಿಯ ಮನೆಗಳ ಆಸ್ತಿ ತೆರಿಗೆಯಿಂದಲೇ ಬರುತ್ತದೆ. ಒಂದನೇ ಕ್ಲಾಸಿನ ಮಗುವಿಗೆ ಓದು ಹೇಗೆ ಕಲಿಸಬೇಕು ಅನ್ನುವುದನ್ನೂ ಎಷ್ಟೋ ಕಡೆ ಡಿಸ್ಟ್ರಿಕ್ಟೇ ತೀರ್ಮಾನಿಸುತ್ತದೆ.

ಗಡಿ ಎಲ್ಲಿ ಬೀಳುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ಚಿಕಾಗೋ ಡಿಸ್ಟ್ರಿಕ್ಟ್ ನಗರದ ಗಡಿಗೆ ನಿಲ್ಲುತ್ತದೆ. ನಮ್ಮವರು ಜಾಸ್ತಿ ಇರುವ ನೇಪರ್‌ವಿಲ್ ಅದರಲ್ಲಿ ಸೇರಿಲ್ಲ, ಅಲ್ಲಿ 203, 204 ಅಂತ ಬೇರೆಯೇ ಡಿಸ್ಟ್ರಿಕ್ಟುಗಳಿವೆ. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಮಿಲ್ವಾಕಿಯ ಕಥೆಯೂ ಇದೇ. ಅನುಕೂಲಸ್ಥರು ಊರಾಚೆಯ ಬಡಾವಣೆಗಳಿಗೆ ಹೋಗಿಬಿಟ್ಟರು, ಹೋದವರ ಮಕ್ಕಳ ಅಂಕ ಬೇರೆ ಡಿಸ್ಟ್ರಿಕ್ಟಿನ ಲೆಕ್ಕಕ್ಕೆ ಹೋಯಿತು. ಷಾರ್ಲೆಟ್ ಹಾಗಲ್ಲ. ಅದು ಇಡೀ ಮೆಕ್ಲೆನ್‌ಬರ್ಗ್ ಕೌಂಟಿಯ ಡಿಸ್ಟ್ರಿಕ್ಟು. ನಗರದ ಬಡ ಬೀದಿಗಳೂ ಅದರೊಳಗಿವೆ, ಸುತ್ತಲಿನ ಡೇವಿಡ್ಸನ್, ಮ್ಯಾಥ್ಯೂಸ್, ಹಂಟರ್ಸ್‌ವಿಲ್ ಥರದ ಅನುಕೂಲಸ್ಥ ಊರುಗಳೂ ಅದರೊಳಗಿವೆ. ಟ್ಯಾಂಪಾ ಇರುವ ಹಿಲ್ಸ್‌ಬರೊ ಕೌಂಟಿ, ಮಯಾಮಿ-ಡೇಡ್, ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಗಳದ್ದೂ ಇದೇ ಲೆಕ್ಕ.

ಬೆಂಗಳೂರಿನ ಹಳೇ ಪೇಟೆಯ ಶಾಲೆಗಳನ್ನಷ್ಟೇ ಒಂದು ಕಡೆ ಇಟ್ಟು, ಇನ್ನೊಂದು ಕಡೆ ಮೈಸೂರು ನಗರವನ್ನು ಸುತ್ತಲಿನ ಬಡಾವಣೆಗಳ ಸಮೇತ ಇಟ್ಟು ಹೋಲಿಸಿದರೆ ಹೇಗಿರುತ್ತೆ, ಯೋಚನೆ ಮಾಡಿ. ಚಿಕಾಗೋದ 208ನ್ನು ಷಾರ್ಲೆಟ್‌ನ 225ರ ಪಕ್ಕದಲ್ಲಿ ಇಟ್ಟಾಗ ಆಗುವುದೂ ಅದೇ.

ಯಾವ ಅಂಕವನ್ನು ನಂಬಬಹುದು

ಓದಿನ ಅಂಕ ಅಂದರೆ ಸಾಮಾನ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು ರಾಜ್ಯದ ಪರೀಕ್ಷೆ, ಪ್ರತಿ ವರ್ಷ ಮೂರರಿಂದ ಎಂಟನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಇರುತ್ತದೆ. ಇನ್ನೊಂದು ನೇಪ್, ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಇದನ್ನೇ ನೇಷನ್ಸ್ ರಿಪೋರ್ಟ್ ಕಾರ್ಡ್ ಅಂತಲೂ ಕರೆಯುತ್ತಾರೆ.

ರಾಜ್ಯದ ಪರೀಕ್ಷೆಯನ್ನು ಒಂದೇ ರಾಜ್ಯದ ಎರಡು ಊರುಗಳನ್ನು ಹೋಲಿಸಲು ಮಾತ್ರ ಬಳಸಿ. ರಾಜ್ಯ ದಾಟಿದ ಕೂಡಲೇ ಅದು ಲೆಕ್ಕಕ್ಕೆ ಬರುವುದಿಲ್ಲ. ಪಾಸಿನ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ವರ್ಜೀನಿಯಾ ನಾಲ್ಕನೇ ಕ್ಲಾಸಿನ ಓದಿಗೆ ವರ್ಷಗಟ್ಟಲೆ ತೀರಾ ಕೆಳಗಿನ ಗೆರೆ ಇಟ್ಟುಕೊಂಡಿತ್ತು. ನೇಪ್‌ನ ಅಳತೆಯಲ್ಲಿ ಅದು ಬೇಸಿಕ್ ಹಂತವನ್ನೂ ಮುಟ್ಟುತ್ತಿರಲಿಲ್ಲ. ಅಂಥ ಕಡೆ ಎಪ್ಪತ್ತು ಶೇಕಡಾ ಮಕ್ಕಳು ಪಾಸು ಅಂದರೂ, ಬಿಗಿ ಗೆರೆ ಇರುವ ಕಡೆ ನಲವತ್ತು ಶೇಕಡಾ ಅಂದರೂ, ಮಕ್ಕಳ ಓದು ಒಂದೇ ಮಟ್ಟದ್ದಿರಬಹುದು.

ಇನ್ನೊಂದು ಸಂಗತಿಯನ್ನು ಬೇಜಾರಿನಿಂದಲೇ ಹೇಳುತ್ತೇನೆ. ರಾಜ್ಯದ ಪರೀಕ್ಷೆಯ ಮೇಲೆ ಟೀಚರ ಕೆಲಸ, ಬೋನಸ್, ಶಾಲೆಯ ಹೆಸರು ಎಲ್ಲ ನಿಂತಿರುತ್ತದೆ. ಆ ಒತ್ತಡ ಎಲ್ಲಿಗೆ ಒಯ್ಯಬಹುದು ಅನ್ನುವುದಕ್ಕೆ ಅಟ್ಲಾಂಟಾ ಇದೆ. ಅಲ್ಲಿಯ 2009ರ ರಾಜ್ಯ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ್ದರು. 2011ರಲ್ಲಿ ತನಿಖೆಯ ವರದಿ ಬಂದಾಗ 44 ಶಾಲೆಗಳ 178 ಶಿಕ್ಷಕರು, ಮುಖ್ಯೋಪಾಧ್ಯಾಯರ ಹೆಸರು ಅದರಲ್ಲಿತ್ತು. 2015ರಲ್ಲಿ 11 ಜನ ತಪ್ಪಿತಸ್ಥರು ಅಂತ ತೀರ್ಪಾಯಿತು. ನನಗೆ ಆ ಮಕ್ಕಳದ್ದೇ ಯೋಚನೆ. ಓದಲು ಬಾರದ ಮಗುವಿಗೆ "ನಿನಗೆ ಚೆನ್ನಾಗಿ ಬರುತ್ತೆ" ಅಂತ ಕಾಗದ ಕೊಟ್ಟು ಕಳಿಸಿದರು. ಸಿಗಬೇಕಿದ್ದ ಸಹಾಯ ಅವರಿಗೆ ಸಿಗಲೇ ಇಲ್ಲ.

ನೇಪ್‌ನಲ್ಲಿ ಈ ಭಯ ಕಡಿಮೆ. ಅದನ್ನು ಎಲ್ಲ ಮಕ್ಕಳಿಗೂ ಕೊಡುವುದಿಲ್ಲ, ಕೆಲವರನ್ನು ಆರಿಸಿ ಕೊಡುತ್ತಾರೆ. ಒಂದು ಮಗುವಿಗೆ ಪರೀಕ್ಷೆಯ ಒಂದು ತುಂಡು ಮಾತ್ರ ಸಿಗುತ್ತದೆ. ಯಾವ ಮಗುವಿಗೂ, ಯಾವ ಶಾಲೆಗೂ ಅಂಕ ಬರುವುದಿಲ್ಲ. ಹಾಗಾಗಿ ಮೋಸ ಮಾಡಿ ಯಾರಿಗೂ ಏನೂ ಸಿಗುವುದಿಲ್ಲ. ದೊಡ್ಡ ಊರುಗಳಿಗೆಂದೇ ಅದರಲ್ಲಿ ಟ್ಯೂಡಾ ಅನ್ನುವ ಭಾಗ 2002ರಲ್ಲಿ ಶುರುವಾಯಿತು. ಮೊದಲಿಗೆ ಅಟ್ಲಾಂಟಾ, ಚಿಕಾಗೋ, ಹ್ಯೂಸ್ಟನ್, ಲಾಸ್ ಏಂಜಲಿಸ್, ನ್ಯೂಯಾರ್ಕ್ ಅಂತ ಐದೇ ಊರುಗಳು, ಜೊತೆಗೆ ವಾಷಿಂಗ್ಟನ್ ಡಿಸಿ. 2024ರ ಹೊತ್ತಿಗೆ 26 ಡಿಸ್ಟ್ರಿಕ್ಟುಗಳಾದವು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಾಲ್ಕನೇ ಮತ್ತು ಎಂಟನೇ ಕ್ಲಾಸಿನ ಮಕ್ಕಳ ಓದು, ಗಣಿತ ನೋಡುತ್ತಾರೆ.

ತಮ್ಮನ ಕೈಯಲ್ಲಿದ್ದ ಮೂರೂ ಊರು ಈ ಪಟ್ಟಿಯಲ್ಲಿವೆ. ನಿಮ್ಮ ಊರು ಇದರಲ್ಲಿ ಇಲ್ಲದಿದ್ದರೆ, ಫ್ರಿಸ್ಕೊ, ಕೂಪರ್ಟಿನೊ ಥರದ್ದಾದರೆ, ನೇಪ್‌ನಿಂದ ನೇರ ಉಪಯೋಗ ಇಲ್ಲ. ಮುಂದೆ ಹೇಳುವ ಸ್ಟ್ಯಾನ್‌ಫರ್ಡ್ ಲೆಕ್ಕವೇ ನಿಮಗೆ ದಾರಿ.

ಅಂಕ ಓದುವಾಗ ಎಡವುವ ಜಾಗಗಳು

ನೇಪ್ ಓದಿನ ಅಳತೆ 0ಯಿಂದ 500. ನಾಲ್ಕನೇ ಕ್ಲಾಸಿಗೆ 208 ಮುಟ್ಟಿದರೆ ಬೇಸಿಕ್, 238 ಮುಟ್ಟಿದರೆ ಪ್ರೊಫಿಷಿಯೆಂಟ್, 268 ಅಂದರೆ ಅಡ್ವಾನ್ಸ್ಡ್. ಪತ್ರಿಕೆಗಳು ಪ್ರತಿ ಸಲವೂ "ಮೂರನೇ ಎರಡರಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ" ಅಂತ ಬರೆಯುತ್ತವೆ. ಅದು ತಪ್ಪು. ಪ್ರೊಫಿಷಿಯೆಂಟ್ ಅಂದರೆ "ಆ ಕ್ಲಾಸಿಗೆ ತಕ್ಕ ಓದು" ಅಲ್ಲ, ಅದಕ್ಕಿಂತ ಮೇಲಿನ ಮಟ್ಟ. ಚಿಂತೆ ಮಾಡಬೇಕಾದದ್ದು ಬೇಸಿಕ್‌ಗಿಂತ ಕೆಳಗಿರುವವರ ಬಗ್ಗೆ. 2024ರಲ್ಲಿ ಇಡೀ ದೇಶದಲ್ಲಿ ನಾಲ್ಕನೇ ಕ್ಲಾಸಿನ 40 ಶೇಕಡಾ ಮಕ್ಕಳು ಅಲ್ಲಿದ್ದರು. ನೂರರಲ್ಲಿ ನಲವತ್ತು! ಊರುಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದೇ ಈ ಸಾಲನ್ನು. ಮೇಲಿರುವ ಮಕ್ಕಳು ಹೇಗೋ ಓದಿಕೊಳ್ಳುತ್ತಾರೆ. ಕೆಳಗೆ ಉಳಿದವರಿಗೆ ಶಾಲೆ ಏನು ಮಾಡಿತು ಅನ್ನುವುದರಲ್ಲೇ ಶಾಲೆಯ ನಿಜವಾದ ಕೆಲಸ ಕಾಣುವುದು.

ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವರನ್ನಷ್ಟೇ ಆರಿಸಿ ಮಾಡಿದ ಪರೀಕ್ಷೆ ಆದ್ದರಿಂದ ಎರಡು ಮೂರು ಅಂಕ ಸುಮ್ನೆ ಆಚೀಚೆ ಆಗುತ್ತಿರುತ್ತದೆ. ನಿಜವಾದ ವ್ಯತ್ಯಾಸ ಇದ್ದರೆ ನೇಪ್‌ನವರೇ ನಕ್ಷತ್ರದ ಗುರುತು ಹಾಕಿರುತ್ತಾರೆ. ಗುರುತಿಲ್ಲದಿದ್ದರೆ ಎರಡೂ ಸಮ ಅಂದುಕೊಳ್ಳಿ.

ಇನ್ನೊಂದು, ಯಾರು ಪರೀಕ್ಷೆ ಬರೆದಿಲ್ಲ ಅನ್ನುವುದು. ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು, ವಿಶೇಷ ಅಗತ್ಯದ ಮಕ್ಕಳು ಕೆಲವು ಕಡೆ ಜಾಸ್ತಿ ಹೊರಗುಳಿಯುತ್ತಾರೆ. 2013ರವರೆಗೆ ಮೇರಿಲ್ಯಾಂಡ್‌ನಲ್ಲಿ ಹೀಗೆ ಹೊರಗುಳಿದವರ ಪ್ರಮಾಣ ತುಂಬಾ ಜಾಸ್ತಿ ಇತ್ತು. ಅಲ್ಲಿ ಎಷ್ಟೋ ಮಕ್ಕಳಿಗೆ ಪ್ರಶ್ನೆಪತ್ರಿಕೆ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಇತ್ತು. ಓದಿನ ಪರೀಕ್ಷೆಯಲ್ಲಿ ನೇಪ್ ಅದನ್ನು ಒಪ್ಪುವುದಿಲ್ಲ. ಕಷ್ಟಪಡುವ ಮಕ್ಕಳು ಹೊರಗೆ ಕೂತರೆ ಸರಾಸರಿ ತಾನಾಗಿ ಏರುತ್ತದೆ, ಅಲ್ವಾ. ಚಾರ್ಟರ್ ಶಾಲೆಗಳೂ, ಅಂದರೆ ಸರ್ಕಾರದ ದುಡ್ಡಿನಲ್ಲಿ ಬೇರೆ ಸಂಸ್ಥೆಗಳು ನಡೆಸುವ ಶಾಲೆಗಳೂ, ಒಂದು ಊರಿನ ಲೆಕ್ಕದಲ್ಲಿ ಸೇರಿರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ಅದನ್ನೂ ನೋಡಿಕೊಳ್ಳಿ.

ಸರಾಸರಿ ಹೇಗೆ ದಾರಿ ತಪ್ಪಿಸುತ್ತದೆ

ತಮ್ಮನಿಗೆ ಫೋನಿನಲ್ಲೇ ಲೆಕ್ಕ ಮಾಡಿಸಿದೆ. ಇದು ಸುಮ್ಮನೆ ಮಾಡಿಕೊಂಡ ಲೆಕ್ಕ, ಯಾವ ಊರಿನದ್ದೂ ಅಲ್ಲ.

ಒಂದನೇ ಊರಲ್ಲಿ ನೂರು ಮಕ್ಕಳು. 80 ಜನ ಬಡ ಮನೆಯವರು, ಅವರ ಸರಾಸರಿ 200. 20 ಜನ ಅನುಕೂಲಸ್ಥರು, ಅವರದ್ದು 230. ಒಟ್ಟು ಸರಾಸರಿ 206.

ಎರಡನೇ ಊರಲ್ಲೂ ನೂರು ಮಕ್ಕಳು. ಬಡ ಮನೆಯವರು 30 ಜನ, ಸರಾಸರಿ 195. ಅನುಕೂಲಸ್ಥರು 70 ಜನ, ಸರಾಸರಿ 228. ಒಟ್ಟು 218.

"ಈಗ ಹೇಳು, ಯಾವ ಊರಿನ ಶಾಲೆ ಚೆನ್ನಾಗಿದೆ?" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಬಡವರ ಮಕ್ಕಳೂ ಒಂದನೇ ಊರಲ್ಲೇ ಚೆನ್ನಾಗಿ ಓದ್ತಾರೆ, ಅನುಕೂಲಸ್ಥರ ಮಕ್ಕಳೂ ಅಲ್ಲೇ ಚೆನ್ನಾಗಿ ಓದ್ತಾರೆ. ಆದ್ರೂ ಒಟ್ಟು ನೋಡಿದ್ರೆ ಆ ಊರು ಹಿಂದೆ ಇದೆಯಲ್ಲಕ್ಕಾ!"

ಅದೇ ನೋಡಿ. ಎರಡನೇ ಊರು ಮುಂದಿರುವುದು ಅಲ್ಲಿ ಅನುಕೂಲಸ್ಥರು ಜಾಸ್ತಿ ಇರುವುದರಿಂದ. ಅಲ್ಲಿ ಕಲಿಸುವುದು ಚೆನ್ನಾಗಿದೆ ಅಂತ ಇದರಿಂದ ಹೇಳಲಾಗದು.

ಹಾಗಾಗಿ ನೇಪ್‌ನ ಡೇಟಾ ಎಕ್ಸ್‌ಪ್ಲೋರರ್ ಅನ್ನುವ ವೆಬ್‌ಪುಟದಲ್ಲಿ ಒಟ್ಟು ಅಂಕ ನೋಡಿ ಮುಚ್ಚಬೇಡಿ. ತಂದೆ ತಾಯಿ ಎಷ್ಟು ಓದಿದ್ದಾರೆ, ಮಗು ಯಾವ ಸಮುದಾಯದ್ದು, ಇಂಗ್ಲಿಷ್ ಕಲಿಯುತ್ತಿರುವ ಮಗುವಾ, ಹೀಗೆ ಬಿಡಿಬಿಡಿಯಾಗಿ ನೋಡಬಹುದು. ತಂದೆ ತಾಯಿಯ ಓದಿನ ವಿವರ ಎಂಟನೇ ಕ್ಲಾಸಿಗೆ ಮಾತ್ರ ಸಿಗುತ್ತದೆ. ಒಂದೇ ಥರದ ಮಕ್ಕಳನ್ನು ಎರಡೂ ಊರಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಬಡತನದ ಅಳತೆಗೆ ಮಾತ್ರ ಒಂದು ಎಚ್ಚರಿಕೆ. ಮೊದಲು "ಉಚಿತ ಊಟ ಪಡೆಯುವ ಮಗು" ಅಂದರೆ ಬಡ ಮನೆಯ ಮಗು ಅಂತ ಲೆಕ್ಕ. 2014ರಿಂದ ಈಚೆಗೆ ಎಷ್ಟೋ ದೊಡ್ಡ ಊರುಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟ ಕೊಡುತ್ತಾರೆ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಹಾಗೆ. ತುಂಬಾ ಒಳ್ಳೆಯ ಕೆಲಸ, ನಮ್ಮ ಬಿಸಿಯೂಟದ ಹಾಗೆ, ತಟ್ಟೆ ಹಿಡಿದು ನಿಂತ ಮಗು ಬಡವನೋ ಶ್ರೀಮಂತನೋ ಅಂತ ಯಾರೂ ನೋಡುವುದಿಲ್ಲ. ಆದರೆ ಹೋಲಿಕೆಗೆ ಆ ಅಂಕಣ ಈಗ ಕೆಲಸಕ್ಕೆ ಬರುವುದಿಲ್ಲ.

ಸರಾಸರಿಗಿಂತ ಬೆಳವಣಿಗೆ ಮುಖ್ಯ

ಈ ಭಾಗವನ್ನು ಮಾತ್ರ ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಮಗುವಿಗೆ ಎಂಟು ವರ್ಷ. ಅದರಲ್ಲಿ ಐದು ವರ್ಷ ಮನೆಯಲ್ಲೇ ಕಳೆದಿರುತ್ತದೆ. ಯಾರು ಕಥೆ ಹೇಳಿದರು, ಮನೆಯಲ್ಲಿ ಪುಸ್ತಕ ಇತ್ತಾ, ಅಮ್ಮ ಎರಡು ಕೆಲಸ ಮಾಡುತ್ತಿದ್ದಳಾ, ಎಲ್ಲ ಆ ಮೊದಲ ಅಂಕದಲ್ಲಿ ಸೇರಿರುತ್ತದೆ. ಶಾಲೆ ಏನು ಮಾಡಿತು ಅಂತ ತಿಳಿಯಬೇಕಾದರೆ ಆ ಮಕ್ಕಳು ಮೂರರಿಂದ ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಎಷ್ಟು ಮುಂದೆ ಬಂದರು ಅಂತ ನೋಡಬೇಕು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಮತ್ತು ಅವರ ತಂಡ ಇದನ್ನೇ ಮಾಡಿದೆ. ಎಲ್ಲ ರಾಜ್ಯಗಳ ಪರೀಕ್ಷೆಯನ್ನೂ ನೇಪ್‌ನ ಅಳತೆಗೆ ಕೂರಿಸಿ, ದೇಶದ ಸಾವಿರಾರು ಡಿಸ್ಟ್ರಿಕ್ಟುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ. ಎಜುಕೇಷನಲ್ ಆಪರ್ಚುನಿಟಿ ಪ್ರಾಜೆಕ್ಟ್ ಅಂತ ಹುಡುಕಿದರೆ ನಕ್ಷೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಅವರಿಗೆ ಕಂಡದ್ದು ಇದು: ಸರಾಸರಿ ಅಂಕಕ್ಕೂ ಊರಿನ ಆದಾಯಕ್ಕೂ ಗಟ್ಟಿ ನಂಟು. ಬೆಳವಣಿಗೆಗೂ ಆದಾಯಕ್ಕೂ ಮಾತ್ರ ನಂಟು ತೀರಾ ಕಮ್ಮಿ. ಬಡ ಊರಿನ ಶಾಲೆ ಮಕ್ಕಳನ್ನು ವೇಗವಾಗಿ ಮುಂದೆ ತರುತ್ತಿರಬಹುದು. ಶ್ರೀಮಂತ ಊರಿನ ಶಾಲೆ ಮಕ್ಕಳನ್ನು ಬಂದಲ್ಲೇ ಬಿಟ್ಟಿರಲೂಬಹುದು.

ಇದಕ್ಕೆ ದೊಡ್ಡ ಉದಾಹರಣೆ ಅಂದರೆ ತಮ್ಮ ಬಿಡಬೇಕು ಅಂದುಕೊಂಡಿದ್ದ ಚಿಕಾಗೋ. 2009ರಿಂದ 2014ರವರೆಗಿನ ಅಂಕ ನೋಡಿದಾಗ, ಅಲ್ಲಿಯ ಮಕ್ಕಳು ಮೂರರಿಂದ ಎಂಟನೇ ಕ್ಲಾಸಿಗೆ ಹೋಗುವ ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ದೇಶದ 96 ಶೇಕಡಾ ಡಿಸ್ಟ್ರಿಕ್ಟುಗಳಿಗಿಂತ ಇದು ವೇಗ. 2017ರಲ್ಲಿ ಈ ಫಲಿತಾಂಶ ಬಂದಾಗ ನನಗೂ ನಂಬಿಕೆ ಬರಲಿಲ್ಲ, ಎರಡು ಸಲ ಓದಿದೆ. ಚಿಕಾಗೋ ಅಂದರೆ ಮುಷ್ಕರ, ಗುಂಡಿನ ಸದ್ದು, ಮುಚ್ಚಿದ ಶಾಲೆಗಳು ಅಂತಲೇ ಸುದ್ದಿಯಲ್ಲಿ ನೋಡಿದವರು ನಾವು. ಅದೇ ಊರಿನ ಟೀಚರುಗಳು ಹಿಂದೆ ಬಿದ್ದಿದ್ದ ಮಕ್ಕಳನ್ನು ಕೈಹಿಡಿದು ವರ್ಷ ವರ್ಷವೂ ಹತ್ತಿರ ಹತ್ತಿರ ತಂದಿದ್ದರು. ಆ ಲೆಕ್ಕ ಕೊರೋನಾಗಿಂತ ಮುಂಚಿನದ್ದು, ಇವತ್ತಿಗೂ ವೇಗ ಅಷ್ಟೇ ಇದೆ ಅಂತ ನಾನು ಹೇಳುತ್ತಿಲ್ಲ. 208 ಅನ್ನುವ ಒಂದು ಅಂಕ ಇಷ್ಟು ದೊಡ್ಡ ಕೆಲಸವನ್ನು ಮುಚ್ಚಿಹಾಕಬಲ್ಲದು, ಅಷ್ಟೇ.

ಮನೆ ಹುಡುಕುವ ಆ್ಯಪ್‌ಗಳಲ್ಲಿ ಕಾಣುವ ಗ್ರೇಟ್‌ಸ್ಕೂಲ್ಸ್‌ನ ಹತ್ತಕ್ಕೆ ಎಂಟು, ಹತ್ತಕ್ಕೆ ಮೂರು ಅನ್ನುವ ಅಂಕಗಳಿಗೂ ಈ ಮಾತು ಅನ್ವಯಿಸುತ್ತದೆ. 2020ರಿಂದ ಅವರೂ ಬೆಳವಣಿಗೆಗೆ ಜಾಸ್ತಿ ತೂಕ ಕೊಡುತ್ತಿದ್ದಾರೆ. ಒಟ್ಟು ಅಂಕದ ಕೆಳಗೆ ಬೆಳವಣಿಗೆಯ ಅಂಕ ಬೇರೆಯೇ ಇರುತ್ತದೆ. ಅದನ್ನು ಒತ್ತಿ ನೋಡಿ.

ಮೂರು ಊರು ಪಕ್ಕಪಕ್ಕದಲ್ಲಿ

ಷಾರ್ಲೆಟ್. ದೊಡ್ಡ ಊರುಗಳ ಸಾಲಿನಲ್ಲಿ ಓದಿನಲ್ಲಿ ಮೊದಲಿನಿಂದಲೂ ಮೇಲಿದೆ. 2019ರಲ್ಲಿ ದೊಡ್ಡ ನಗರಗಳ ಸರಾಸರಿ 212 ಇದ್ದಾಗ ಇದು 225ರ ಸುತ್ತ ಇತ್ತು. ನಾರ್ತ್ ಕ್ಯಾರೊಲೈನಾ 2021ರಲ್ಲಿ ಕಾನೂನು ಮಾಡಿ, ಪ್ರಾಥಮಿಕ ಶಾಲೆಯ ಟೀಚರುಗಳಿಗೆಲ್ಲ ಓದು ಕಲಿಸುವ ತರಬೇತಿ ಕಡ್ಡಾಯ ಮಾಡಿತು. ನನಗೆ ಇದು ತುಂಬಾ ಹಿಡಿಸಿದ ವಿಷಯ. ಆದರೆ ಇದೇ ಊರಿಗೆ ಇನ್ನೊಂದು ಮುಖ ಇದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು 2014ರಲ್ಲಿ ದೇಶದ 50 ದೊಡ್ಡ ಊರುಗಳನ್ನು ನೋಡಿದರು. ಬಡ ಮನೆಯಲ್ಲಿ ಹುಟ್ಟಿದ ಮಗು ದೊಡ್ಡದಾದ ಮೇಲೆ ಮೇಲಿನ ಆದಾಯಕ್ಕೆ ಏರುವ ಅವಕಾಶದಲ್ಲಿ ಷಾರ್ಲೆಟ್ 50ನೆಯದು. ಕಟ್ಟಕಡೆಯದು! ತೀರಾ ಕೆಳಗಿನ ಐದನೇ ಒಂದು ಪಾಲಿನ ಮಕ್ಕಳಲ್ಲಿ ನೂರಕ್ಕೆ 4.4ರಷ್ಟು ಮಾತ್ರ ಮೇಲಿನ ಐದನೇ ಒಂದು ಪಾಲು ಮುಟ್ಟುತ್ತಿದ್ದರು.

ಓದಿನಲ್ಲಿ ಮೇಲಿರುವ ಊರು ಏರಿಕೆಯಲ್ಲಿ ಕೊನೆ ಹೇಗಾಯಿತು? ಎರಡೂ ಒಂದೇ ಅಳತೆಯಲ್ಲ, ನಿಜ. ಮೊದಲನೆಯದು ಇವತ್ತಿನ ಮಕ್ಕಳದ್ದು, ಎರಡನೆಯದು ಆಗಲೇ ದೊಡ್ಡವರಾದವರದ್ದು. ಆದರೂ ಸರಾಸರಿಯ ಒಳಗೆ ಎರಡು ಊರು ಅಡಗಿದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಕಪ್ಪು ಮಕ್ಕಳು, ಬಿಳಿ ಮಕ್ಕಳು ಜೊತೆಗೆ ಓದಲಿ ಅಂತ ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಎತ್ತಿಹಿಡಿದದ್ದು ಇದೇ ಡಿಸ್ಟ್ರಿಕ್ಟಿನ ಕೇಸಿನಲ್ಲಿ. ಆ ವ್ಯವಸ್ಥೆ ನಿಂತು ಎರಡು ದಶಕಕ್ಕಿಂತ ಜಾಸ್ತಿಯಾಯಿತು. ಮಕ್ಕಳು ಮತ್ತೆ ತಮ್ಮ ತಮ್ಮ ಬೀದಿಯ ಶಾಲೆಗೇ ಹೋಗತೊಡಗಿದರು, ಬೀದಿಗಳೋ ಬೇರೆ ಬೇರೆಯಾಗಿಯೇ ಉಳಿದವು. ಐಟಿ ಸಂಬಳದ ಕನ್ನಡದ ಮನೆಗೆ ಇದರಿಂದ ತೊಂದರೆ ಆಗದೇ ಇರಬಹುದು. ಮಗಳು ಯಾರ ಜೊತೆ ಕೂತು ಓದುತ್ತಾಳೆ ಅನ್ನುವುದೂ ನನಗೆ ಮುಖ್ಯ, ಅದಕ್ಕೇ ಹೇಳಿದೆ.

ಟ್ಯಾಂಪಾ, ಅಂದರೆ ಹಿಲ್ಸ್‌ಬರೊ. ಫ್ಲಾರಿಡಾದ ದೊಡ್ಡ ಕೌಂಟಿಗಳೆಲ್ಲ ನಾಲ್ಕನೇ ಕ್ಲಾಸಿನ ಓದಿನಲ್ಲಿ ಮುಂದು. ಮಯಾಮಿ-ಡೇಡ್‌ನಲ್ಲಂತೂ ಹೆಚ್ಚಿನ ಮಕ್ಕಳು ಸ್ಪ್ಯಾನಿಷ್ ಮಾತಾಡುವ ಮನೆಗಳಿಂದ ಬಂದವರು, ಆದರೂ ಅಂಕ ಮೇಲೆಯೇ ಇದೆ. ಅಲ್ಲಿಯ ಟೀಚರುಗಳಿಗೆ ಕೈ ಮುಗಿಯಬೇಕು. ಇಲ್ಲಿ ಎರಡು ವಿಷಯ ತಿಳಿದಿರಲಿ. ಒಂದು, 2002ರ ಕಾನೂನಿನ ಪ್ರಕಾರ ಮೂರನೇ ಕ್ಲಾಸಿನ ಓದಿನ ಪರೀಕ್ಷೆಯಲ್ಲಿ ತೀರಾ ಕೆಳಗಿನ ಹಂತದಲ್ಲಿರುವ ಮಗುವನ್ನು ಅದೇ ಕ್ಲಾಸಿನಲ್ಲಿ ಉಳಿಸಿಕೊಳ್ಳಬಹುದು. ಹಾಗೆ ಉಳಿದ ಮಗು ನಾಲ್ಕಕ್ಕೆ ಬರುವಾಗ ಒಂದು ವರ್ಷ ಜಾಸ್ತಿ ಓದಿರುತ್ತದೆ, ಆ ಅಂಕ ನಾಲ್ಕನೇ ಕ್ಲಾಸಿನ ಸರಾಸರಿಗೆ ಸೇರುತ್ತದೆ. ಎರಡು, ಎಂಟನೇ ಕ್ಲಾಸಿಗೆ ಬಂದಾಗ ಆ ಮುನ್ನಡೆ ಕರಗುತ್ತದೆ. 2024ರಲ್ಲಿ ಇಡೀ ಫ್ಲಾರಿಡಾದ ನಾಲ್ಕನೇ ಕ್ಲಾಸು 218, ದೇಶದ ಸರ್ಕಾರಿ ಶಾಲೆಗಳ ಸರಾಸರಿ 214. ಎಂಟನೇ ಕ್ಲಾಸಿಗೆ ಬಂದಾಗ ಫ್ಲಾರಿಡಾ 253, ದೇಶ 257. ತಮ್ಮನ ಮಗಳು ಎಂಟರವರೆಗೂ ಅಲ್ಲೇ ಓದುವವಳಾದರೆ ನಾಲ್ಕನ್ನು ಮಾತ್ರ ನೋಡುವುದು ಸರಿಯಲ್ಲ. ಎರಡನ್ನೂ ನೋಡಿ ಅನ್ನುವುದು ಎಲ್ಲ ಊರಿಗೂ ಹೇಳುವ ಮಾತು.

ಚಿಕಾಗೋ ಬಗ್ಗೆ ಮೇಲೆ ಹೇಳಿದ್ದೇನೆ. ಸೇರಿಸಬೇಕಾದದ್ದು ಒಂದೇ. ಅಲ್ಲಿ ಬೀದಿಯ ಶಾಲೆ, ಒಂದು ವಿಶೇಷ ವಿಷಯಕ್ಕೆ ಒತ್ತು ಕೊಡುವ ಮ್ಯಾಗ್ನೆಟ್ ಶಾಲೆ, ಪರೀಕ್ಷೆ ಬರೆದು ಸೇರುವ ಶಾಲೆ ಅಂತ ಬಗೆಬಗೆ ಇವೆ. ಕೊನೆಯ ಎರಡಕ್ಕೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ಜೂನ್‌ನಲ್ಲಿ ಬಂದಿಳಿದವರಿಗೆ ಸಾಮಾನ್ಯವಾಗಿ ಬೀದಿಯ ಶಾಲೆಯೇ ಗತಿ, ಹಾಗಾಗಿ ಆ ಶಾಲೆಯನ್ನೇ ನೋಡಿ ಮನೆ ಹಿಡಿಯಿರಿ.

ತಮ್ಮನ ಪಟ್ಟಿಯಲ್ಲಿ ಇಲ್ಲದಿದ್ದರೂ ಎರಡು ಊರಿನ ಮಾತು ಹೇಳುತ್ತೇನೆ. ಕೊರೋನಾ ಆದ ಮೇಲೆ, 2022ರಲ್ಲಿ, ಉಳಿದ ಊರುಗಳು ಕುಸಿದಾಗ ಇಲ್ಲವೇ ಇದ್ದಲ್ಲೇ ನಿಂತಾಗ, ಎಂಟನೇ ಕ್ಲಾಸಿನ ಓದಿನಲ್ಲಿ ಮೇಲೆ ಬಂದ ದೊಡ್ಡ ಊರು ಲಾಸ್ ಏಂಜಲಿಸ್ ಒಂದೇ, 248ರಿಂದ 257ಕ್ಕೆ. ಒಂದೇ ಸಲದ ಜಿಗಿತ ನೋಡಿ ನಿರ್ಧಾರ ಮಾಡಬೇಡಿ, ಮೂರು ನಾಲ್ಕು ಸಲದ ಅಂಕ ಸಾಲಾಗಿ ಇಟ್ಟು ನೋಡಿ. ಡೆಟ್ರಾಯಿಟ್ ನೇಪ್‌ನ ಪಟ್ಟಿಗೆ ಸೇರಿದಾಗಿನಿಂದ ಕೊನೆಯಲ್ಲಿದೆ, 2019ರಲ್ಲಿ ನಾಲ್ಕನೇ ಕ್ಲಾಸಿನ ಓದು 183. ಅಲ್ಲಿಯ ಮಕ್ಕಳು 2016ರಲ್ಲಿ ಕೋರ್ಟಿಗೆ ಹೋದರು, ಓದಲು ಕಲಿಯುವುದು ನಮ್ಮ ಹಕ್ಕು ಅಂತ. 2020ರಲ್ಲಿ ರಾಜಿಯಾಯಿತು, ಮುಂದೆ ಓದು ಕಲಿಸಲೆಂದೇ 9.44 ಕೋಟಿ ಡಾಲರ್ ಸಿಕ್ಕಿತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ವರ್ಷದ ಹತ್ತನೇ ಒಂದು ಭಾಗ ಶಾಲೆಗೇ ಬರಲಾಗದ ಊರದು. ಆ 183ರ ಹಿಂದೆ ಬಸ್ಸಿಲ್ಲದ ಬೆಳಗುಗಳಿವೆ, ಬಾಡಿಗೆ ಕಟ್ಟಲಾಗದೆ ಬಿಟ್ಟ ಮನೆಗಳಿವೆ. ಆ ಮಕ್ಕಳಿಗೆ ಬುದ್ಧಿ ಕಮ್ಮಿ ಅಂತ ಯಾರಾದರೂ ಅಂದರೆ ನನಗೆ ತಡೆಯಲಾಗುವುದಿಲ್ಲ.

ಕುದುರೆ ಮತ್ತು ಪೋನಿ

ಅಂಕ ನೋಡಿದ್ದಾಯಿತು. ಇನ್ನು ಒಂದನೇ ಕ್ಲಾಸಿನ ಕೋಣೆಯೊಳಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಎಲ್ಲ ಎಕ್ಸೆಲ್‌ಗಿಂತ ಅದು ಜಾಸ್ತಿ ಹೇಳುತ್ತದೆ.

ಕೆಲವು ವರ್ಷದ ಹಿಂದೆ ನಾನು ಒಂದು ಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳಿಂದ ಪುಸ್ತಕ ಓದಿಸಲು ಹೋಗುತ್ತಿದ್ದೆ. ಒಬ್ಬ ಹುಡುಗ ನನ್ನ ಪಕ್ಕ ಕೂತು ಓದುತ್ತಿದ್ದ. ಪುಟದಲ್ಲಿ ಕುದುರೆಯ ಚಿತ್ರ, ಕೆಳಗೆ "ಹಾರ್ಸ್" ಅಂತ ಅಚ್ಚಾಗಿತ್ತು. ಅವನು ಚಿತ್ರ ನೋಡಿ "ಪೋನಿ" ಅಂದ. ಪದದ ಮೇಲೆ ಬೆರಳಿಟ್ಟಿದ್ದ, ಕಣ್ಣು ಮಾತ್ರ ಚಿತ್ರದ ಮೇಲಿತ್ತು. ನಾನು ತಿದ್ದಲು ಹೋದೆ. ಟೀಚರ್ ಮೆಲ್ಲಗೆ, "ಪರವಾಗಿಲ್ಲ, ಅರ್ಥ ಸರಿಯಾಗಿದೆಯಲ್ಲ" ಅಂದರು. ಅವರದ್ದೂ ತಪ್ಪಲ್ಲ, ಅವರಿಗೆ ತರಬೇತಿ ಕೊಟ್ಟದ್ದೇ ಹಾಗೆ. ಚಿತ್ರ ನೋಡು, ವಾಕ್ಯ ನೋಡು, ಊಹೆ ಮಾಡು.

ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿತ್ತು. ನಮ್ಮಮ್ಮ ನನಗೆ ಸ್ಲೇಟಿನ ಮೇಲೆ ಕ, ಕಾ, ಕಿ, ಕೀ ತಿದ್ದಿಸಿದ್ದರು. ಕಾಗುಣಿತ ಮುಗಿಸಿ ಒತ್ತಕ್ಷರ ಕಲಿತ ಮೇಲೆ ಯಾವ ಪದ ಕೊಟ್ಟರೂ ಕೂಡಿಸಿ ಓದಬಹುದಿತ್ತು. "ಕುದುರೆ" ಅಂತ ಬರೆದಿದ್ದನ್ನು ಚಿತ್ರ ನೋಡಿ "ಕತ್ತೆ" ಅಂತ ಓದಿದ್ದರೆ ಅಮ್ಮ ಬಿಡುತ್ತಿದ್ದರಾ? ಇಂಗ್ಲಿಷಿನ ಕಾಗುಣಿತ ನಮ್ಮದರಷ್ಟು ನೇರ ಅಲ್ಲ, ಒಪ್ಪುತ್ತೇನೆ. ಅಕ್ಷರಕ್ಕೆ ಸದ್ದು ಕೂಡಿಸಿ ಓದುವ ಫೋನಿಕ್ಸ್ ಅದಕ್ಕೇ ಇಂಗ್ಲಿಷಿಗೆ ಇನ್ನೂ ಜಾಸ್ತಿ ಬೇಕು. ಚಿತ್ರ ಇಲ್ಲದ ಪುಸ್ತಕ ಬರುವ ಮೂರನೇ ಕ್ಲಾಸಿನಲ್ಲಿ ಊಹೆ ಮಾಡುವ ಮಗು ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯಲ್ಲಿ ಕಲಿಸುವವರು ಇದ್ದರೆ ಹೇಗೋ ದಾಟುತ್ತದೆ. ಇಲ್ಲದ ಮಗು ಬೇಸಿಕ್‌ನ ಕೆಳಗೆ ಉಳಿಯುತ್ತದೆ.

ಈಗ ಗಾಳಿ ಬದಲಾಗಿದೆ. 2023ರಲ್ಲಿ ನ್ಯೂಯಾರ್ಕ್ ನಗರ ಹಳೇ ಪದ್ಧತಿ ಬಿಟ್ಟು, ಪ್ರಾಥಮಿಕ ಶಾಲೆಗಳು ಹಂತಹಂತವಾಗಿ ಮೂರೇ ಪಠ್ಯಕ್ರಮಗಳಿಗೆ ಬರಬೇಕು ಅಂತ ಆದೇಶ ಮಾಡಿತು. ಹಾಗಾಗಿ ಯಾವ ಊರಿಗೆ ಹೋದರೂ ಮೂರು ಪ್ರಶ್ನೆ ಕೇಳಿ. ಫೋನಿಕ್ಸ್ ದಿನಾ ಎಷ್ಟು ಹೊತ್ತು? ಮಗು ಗೊತ್ತಿಲ್ಲದ ಪದ ಕಂಡರೆ ಏನು ಮಾಡು ಅಂತೀರಿ? ಹಿಂದೆ ಬಿದ್ದ ಮಗುವನ್ನು ಯಾವ ತಿಂಗಳಲ್ಲಿ ಗುರುತಿಸುತ್ತೀರಿ, ಆಮೇಲೆ ಏನು ಮಾಡುತ್ತೀರಿ? ಮೂರನೆಯದಕ್ಕೆ ತಡವರಿಸದೆ ಉತ್ತರ ಬಂದರೆ ಅದು ಒಳ್ಳೆಯ ಶಾಲೆ ಅಂತ ನನ್ನ ಅನುಭವ, ಊರಿನ ಅಂಕ ಎಷ್ಟೇ ಇರಲಿ.

ಅರ್ಜಿ ತುಂಬುವಾಗ

ಶಾಲೆಗೆ ಸೇರಿಸುವಾಗ "ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ" ಅಂತ ಒಂದು ಕಾಗದ ಕೊಡುತ್ತಾರೆ. ನಮ್ಮವರಲ್ಲಿ ಎಷ್ಟೋ ಜನ ಹೆದರಿ "ಇಂಗ್ಲಿಷ್" ಅಂತ ಬರೆದುಬಿಡುತ್ತಾರೆ, ಮಗುವನ್ನು ಬೇರೆ ಕ್ಲಾಸಿಗೆ ಹಾಕುತ್ತಾರೆ ಅನ್ನುವ ಭಯದಿಂದ. ದಯವಿಟ್ಟು ನಿಜವನ್ನೇ ಬರೆಯಿರಿ. ಕನ್ನಡ ಅಂತ ಬರೆದರೆ ಒಂದು ಸಣ್ಣ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಮಗುವಿಗೆ ಕಾನೂನಿನ ಪ್ರಕಾರ ಸಹಾಯ ಸಿಗುತ್ತದೆ. ಫ್ಲಾರಿಡಾದಲ್ಲಿ ಹೀಗೆ ಇಂಗ್ಲಿಷ್ ಕಲಿಯುತ್ತಿರುವ, ಬಂದು ಎರಡು ವರ್ಷ ಆಗದ ಮಗುವಿಗೆ ಮೂರನೇ ಕ್ಲಾಸಿನಲ್ಲಿ ಉಳಿಸಿಕೊಳ್ಳುವ ನಿಯಮದಿಂದ ವಿನಾಯಿತಿ ಸಿಗುವ ಅವಕಾಶವೂ ಇದೆ. "ಇಂಗ್ಲಿಷ್" ಅಂತ ಬರೆದವರು ಅದನ್ನು ತಾವೇ ಕೈಯಾರೆ ಕಳೆದುಕೊಳ್ಳುತ್ತಾರೆ.

ತಮ್ಮ ಇನ್ನೂ ತೀರ್ಮಾನ ಮಾಡಿಲ್ಲ. ಎಕ್ಸೆಲ್‌ನಲ್ಲಿ ಈಗ ಐದು ಅಂಕಣ ಆಗಿದೆ: ನಾಲ್ಕನೇ ಕ್ಲಾಸು, ಎಂಟನೇ ಕ್ಲಾಸು, ಬೇಸಿಕ್‌ಗಿಂತ ಕೆಳಗಿನವರು, ಓದಿದ ತಂದೆ ತಾಯಿಯರ ಮಕ್ಕಳ ಅಂಕ, ಸ್ಟ್ಯಾನ್‌ಫರ್ಡ್‌ನ ಬೆಳವಣಿಗೆ. ಚಿಕಾಗೋ ಮತ್ತೆ ಪಟ್ಟಿಗೆ ಬಂದಿದೆ. ನಿನ್ನೆ ರಾತ್ರಿ ಒಂದು ಅಪಾರ್ಟ್‌ಮೆಂಟಿನ ವಿಳಾಸ ಕಳಿಸಿ ಶಾಲೆ ಯಾವುದು ನೋಡಕ್ಕಾ ಅಂದ. ಡಿಸ್ಟ್ರಿಕ್ಟಿನ ಸ್ಕೂಲ್ ಲೊಕೇಟರ್‌ನಲ್ಲಿ ಹಾಕಿ ನೋಡಿದೆ. ರಸ್ತೆಯ ಈ ಕಡೆ ಒಂದು ಶಾಲೆ, ಆ ಕಡೆ ಇನ್ನೊಂದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಮನೆ ನಂಬರಿನ ಸಮೇತ ನೋಡಿಕೊ, ಎರಡೂ ಶಾಲೆಗೆ ಫೋನ್ ಮಾಡಿ ಆ ಮೂರು ಪ್ರಶ್ನೆ ಕೇಳು ಅಂತ ಉತ್ತರ ಬರೆದೆ.